ನಂಬರ್ ಕೂಗಿದಾಗ ಕಾಕಾ ಬಸ್ಸಿನಲ್ಲಿದ್ದ

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸಿನಲ್ಲಿ ಒಂದು ರಿಲೀಸು, ಅದು ಮುಗಿಯೋ ಹೊತ್ತಿಗೆ ಇನ್ನೊಂದು ರಿಲೀಸು... ನಿಮಗೆಲ್ಲ ಗೊತ್ತಿರೋ ಕತೆನೇ. ನಡುವೆ ಎರಡು ದಿನ ಬಿಡುವು ಮಾಡಿಕೊಂಡು ಊರಿಗೆ ಹೋಗಿ ಬಂದೆ. ಊರು ಅಂದರೆ ಶಿರವಾಳ, ಶಹಾಪುರ ತಾಲೂಕು, ಯಾದಗಿರಿ ಜಿಲ್ಲೆ. ಬೆಂಗಳೂರಿನಲ್ಲಿ ಯಾರಾದರೂ "ಅದೆಲ್ಲಿ ಬರುತ್ತೆ?" ಅಂದರೆ "ಗುಲ್ಬರ್ಗ ಹತ್ರ" ಅಂದು ಮುಗಿಸಿಬಿಡ್ತೀನಿ. ನಮ್ಮ ಜಿಲ್ಲೆ ಹುಟ್ಟಿದ್ದೇ 2009ರ ಕೊನೆಗೆ, ಪಾಪ ಅವರದೇನು ತಪ್ಪು :)

ಊರಿಗೆ ಹೋದರೆ ನನ್ನ ಖಾಯಂ ಜಾಗ ಕಾಕಾನ ಅಂಗಡಿ. ಬೀಜ, ಗೊಬ್ಬರ, ಎಣ್ಣಿ ಮಾರೋ ಅಂಗಡಿ. (ಎಣ್ಣಿ ಅಂದರೆ ಅಡುಗೆಯದ್ದಲ್ಲ, ಹತ್ತಿಗೆ ತೊಗರಿಗೆ ಹೊಡೆಯೋದು!) ಕಾಕಾಗೆ ಬಹುವಚನ ಹಚ್ಚಿದರೆ "ಏನಪಾ, ಬೆಂಗಳೂರ ನೀರು ಕುಡದಿ ಅನಸ್ತದ" ಅಂತ ನಗ್ತಾನೆ, ಅದಕ್ಕೇ ಇಲ್ಲೂ ಏಕವಚನದಲ್ಲೇ ಬರೀತೀನಿ. ಅವನ ಕೌಂಟರಿನ ಗಾಜಿನ ಕೆಳಗೆ ದೇವರ ಫೋಟೋಗಳಿವೆ, ಒಂದು ಹಳೇ ಎರಡು ರೂಪಾಯಿ ನೋಟಿದೆ, ಆಮೇಲೆ ಒಂದು ಗುಲಾಬಿ ಬಣ್ಣದ ಕೂಪನ್. ನಂಬರ್ 0417. ಈ ಬರಹ ಆ ಕೂಪನ್ನಿನ ಬಗ್ಗೆ.

ನಡೆದದ್ದು 2024ರ ಡಿಸೆಂಬರಿನಲ್ಲಿ. ಕಲಬುರಗಿಯಲ್ಲಿ ವ್ಯಾಪಾರಿಗಳ ಸಂಘವೊಂದರ ಸಮಾವೇಶ. ಸಂಘದ ಹೆಸರು ಬೇಡ, ಕಾಕಾ ಇನ್ನೂ ಅದೇ ಜನರ ಜೊತೆ ವ್ಯವಹಾರ ಮಾಡಬೇಕು. ಪ್ರತಿನಿಧಿ ಶುಲ್ಕ 1,500 ರೂಪಾಯಿ. ಅದರಲ್ಲಿ ಒಂದು ಬ್ಯಾಗು, ಊಟ, ಎರಡು ಸಲ ಚಾ, ಮತ್ತು ಒಂದು ಲಕ್ಕಿ ಡ್ರಾ ಕೂಪನ್. ಮೊದಲ ಬಹುಮಾನ ಬೈಕು, ಎರಡನೆಯದು ಫ್ರಿಜ್ಜು, ಆಮೇಲೆ ಮಿಕ್ಸರು, ಗೋಡೆ ಗಡಿಯಾರ ಇತ್ಯಾದಿ. ಡ್ರಾ ಸಾಯಂಕಾಲ 4 ಗಂಟೆಗೆ ಅಂತ ಆಮಂತ್ರಣದಲ್ಲಿ ಅಚ್ಚು ಮಾಡಿದ್ದರು.

ಮುಂದೇನಾಯ್ತು ಅಂತ ನೀವೇ ಊಹಿಸಬಲ್ಲಿರಿ. 11ಕ್ಕೆ ಬರಬೇಕಾಗಿದ್ದ ಮುಖ್ಯ ಅತಿಥಿಗಳು ಬಂದದ್ದು 2ಕ್ಕೆ. ಸನ್ಮಾನ, ಶಾಲು, ಹಾರ, ನೆನಪಿನ ಕಾಣಿಕೆ, ಹತ್ತು ಜನರ ಭಾಷಣ. 4 ಹೋಯ್ತು, 5 ಹೋಯ್ತು, 6 ಹೊಡೀತು. ಕಲಬುರಗಿಯಲ್ಲೇ ಮನೆ ಇದ್ದವರು ಆರಾಮಾಗಿ ಕೂತಿದ್ದರು. ಶಹಾಪುರದಿಂದ ನಮ್ಮೂರಿಗೆ ಬರೋ ಕೊನೇ ಬಸ್ಸು ಹಿಡಿಯಬೇಕಾದವನಿಗೆ ಆರಾಮೆಲ್ಲಿಂದ ಬರಬೇಕು? ಆರೂವರೆಗೆ ಕಾಕಾ ಎದ್ದ. ಏಳು ಮುಕ್ಕಾಲಿಗೆ ಡಬ್ಬಿ ತೆಗೆದರು. ಮೊದಲ ಬಹುಮಾನ, ನಂಬರ್ 0417!

ಮೂರು ಸಲ ಕೂಗಿದರಂತೆ. ಪಕ್ಕದೂರಿನ ಇನ್ನೊಬ್ಬ ಅಂಗಡಿಯವರು ಎದ್ದು ನಿಂತು, "ಅಂವ ನಮ್ಮ ಕಡೆಯವನರೀ, ಬಸ್ಸಿನ್ಯಾಗ ಅದಾನ, ಫೋನ್ ಹಚ್ಚಿ ಕೊಡ್ತೀನಿ ಮಾತಾಡ್ರಿ" ಅಂದರಂತೆ. ಫೋನೂ ಹಚ್ಚಿದರು. ಕಾಕಾನ ಬಸ್ಸು ಆಗ ಜೇವರ್ಗಿ ದಾಟಿತ್ತು. ಆದರೆ ವೇದಿಕೆಯಿಂದ ಬಂದ ಉತ್ತರ ಒಂದೇ: "ಹಾಜರ್ ಇದ್ದವರಿಗೆ ಮಾತ್ರ." ಮತ್ತೆ ಕೈ ಹಾಕಿ ಇನ್ನೊಂದು ಚೀಟಿ ತೆಗೆದರು.

ಈ "ಹಾಜರ್ ಇದ್ದವರಿಗೆ ಮಾತ್ರ" ಅನ್ನೋ ನಿಯಮ ಎಲ್ಲಿತ್ತು? ಆಮಂತ್ರಣದಲ್ಲಿ ಇಲ್ಲ. ಕೂಪನ್ನಿನ ಮುಂದೆ ಇಲ್ಲ. ಹಿಂದೆ ನೋಡಿದರೆ ಬರೀ ಖಾಲಿ ಗುಲಾಬಿ ಕಾಗದ. ಆ ನಿಯಮವನ್ನ ಮೈಕಿನಲ್ಲಿ ಹೇಳಿದ್ದು ಏಳು ಗಂಟೆಯ ಮೇಲೆ, ಅಂದರೆ ದೂರದ ಹಳ್ಳಿಗಳವರೆಲ್ಲ ಎದ್ದು ಹೋದ ಮೇಲೆ. ಆಟ ಅರ್ಧ ಮುಗಿದ ಮೇಲೆ ನಿಯಮ ಬರೆದರೆ ಅದನ್ನ ನಿಯಮ ಅನ್ನೋಕಾಗುತ್ತಾ? ನಾನು ಪ್ರೊಡಕ್ಷನ್ನಿನಲ್ಲಿ ಓಡ್ತಿರೋ ಕೋಡಿಗೆ ಯಾರಿಗೂ ಹೇಳದೆ ಹೀಗೊಂದು 'ಇಫ್' ಸೇರಿಸಿದರೆ ನನ್ನ ಮ್ಯಾನೇಜರು ಸುಮ್ಮನೆ ಬಿಡ್ತಾರಾ?

ಇಲ್ಲಿಗೇ ಮುಗಿದಿದ್ದರೆ ಇದು ಬರೀ ನಮ್ಮ ಕಾಕಾನ ದುಃಖ ಆಗ್ತಿತ್ತು. ಮಜಾ ಇರೋದು ಮುಂದೆ.

ಎರಡನೇ ಸಲ ಚೀಟಿ ಎತ್ತಿದಾಗ ಗೆದ್ದವರಿಗೆ ವೇದಿಕೆ ಮೇಲೆ ರಟ್ಟಿನ ದೊಡ್ಡ ಬೀಗದ ಕೈ ಕೊಟ್ಟು ಫೋಟೋ ಹೊಡೆದರು. ನಿಜವಾದ ಕೈ ಕೇಳೋಕೆ ಹೋದರೆ, "ಮೊದಲು 27 ಸಾವಿರ ಟ್ಯಾಕ್ಸು ಕಟ್ಟಿ, ಆಮೇಲೆ ರಿಜಿಸ್ಟ್ರೇಷನ್ನು, ಇನ್ಸೂರೆನ್ಸು ನಿಮ್ಮದೇ" ಅಂದರು. ಅವರಿಗೆ ನಂಬಿಕೆನೇ ಬರಲಿಲ್ಲ. ಬೈಕು ತಿಂಗಳುಗಟ್ಟಲೆ ಶೋರೂಮಿನಲ್ಲೇ ನಿಂತಿತ್ತು. ಫ್ರಿಜ್ಜಿನ ಕತೆ ಇನ್ನೂ ಚೆನ್ನಾಗಿದೆ. ಆ ಚೀಟಿಯ ಮೇಲೆ 'ಬಸವರಾಜ' ಅಂತ ಮಾತ್ರ ಇತ್ತು, ಊರಿಲ್ಲ, ಫೋನ್ ನಂಬರಿಲ್ಲ, ನಂಬರು ಒದ್ದೆಯಾಗಿ ಅಳಿಸಿತ್ತು. ನಮ್ಮ ಕಡೆ ಒಂದು ಸಭೆಯಲ್ಲಿ "ಬಸವರಾಜ" ಅಂತ ಕೂಗಿ ನೋಡಿ, ಎಷ್ಟು ಜನ ಎದ್ದು ನಿಲ್ತಾರೆ ಅಂತ! ಹೀಗೆ ಸೋತವನಿಗೂ ಬೇಜಾರು, ಗೆದ್ದವನಿಗೂ ಬೇಜಾರು. ಖುಷಿಯಾಗಿ ಮನೆಗೆ ಹೋದವರು ಗೋಡೆ ಗಡಿಯಾರ ಬಂದವರು ಮಾತ್ರ.

ಆ ತೆರಿಗೆ ವಿಷಯ ಸಂಘದವರು ಕಟ್ಟಿದ ಕತೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ. ಓದಿ ನೋಡಿದೆ, ಅಲ್ಲ. ಲಾಟರಿ, ಲಕ್ಕಿ ಡ್ರಾ ಇಂಥವುಗಳಲ್ಲಿ ಬಂದ ಬಹುಮಾನ 10 ಸಾವಿರ ದಾಟಿದರೆ ಕೊಡುವವರು 30% ಟಿಡಿಎಸ್ ಹಿಡೀಬೇಕು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು 194ಬಿ ಸೆಕ್ಷನ್ನು. ನಗದು ಬಹುಮಾನವಾದರೆ ಸುಲಭ, ಹಿಡಿದುಕೊಂಡು ಉಳಿದದ್ದು ಕೊಡ್ತಾರೆ. ಬೈಕಿನಲ್ಲಿ 30% ಹೇಗೆ ಹಿಡಿಯೋದು? ಹಿಂದಿನ ಗಾಲಿ ಬಿಚ್ಚಿಕೊಳ್ಳೋಕಾಗುತ್ತಾ? ಅದಕ್ಕೇ ಕಾಯ್ದೆ ಹೇಳೋದು, ಬಹುಮಾನ ವಸ್ತುರೂಪದಲ್ಲಿದ್ದರೆ ತೆರಿಗೆ ಕಟ್ಟಿರೋದು ಖಾತ್ರಿ ಮಾಡಿಕೊಂಡ ಮೇಲೇ ವಸ್ತು ಕೊಡಬೇಕು ಅಂತ. 90 ಸಾವಿರದ ಬೈಕಿಗೆ 27 ಸಾವಿರ. ಲೆಕ್ಕ ಸರಿಯಾಗೇ ಇದೆ.

ಇನ್ನೊಂದು ತಮಾಷೆ ನೋಡಿ. ಅದೇ ಬೈಕನ್ನ ಕಂಪನಿಯೊಂದು "ನೀನು ಈ ವರ್ಷ ಇಷ್ಟು ಮಾಲು ಮಾರಿದೆ, ತಗೋ" ಅಂತ ಡೀಲರಿಗೆ ಕೊಟ್ಟರೆ ಅದು ವ್ಯಾಪಾರದ ಲಾಭದ ಲೆಕ್ಕಕ್ಕೆ ಬರುತ್ತೆ. 2022ರ ಜುಲೈ 1ರಿಂದ ಬಂದ 194ಆರ್ ಪ್ರಕಾರ, ವರ್ಷಕ್ಕೆ 20 ಸಾವಿರ ದಾಟಿದರೆ 10% ಟಿಡಿಎಸ್. ಬೆವರು ಸುರಿಸಿ ಗಳಿಸಿದರೆ 10, ಅದೃಷ್ಟದಿಂದ ಬಂದರೆ 30. ನ್ಯಾಯ ಅನ್ನಿಸುತ್ತೆ, ಇರಲಿ. ಆದರೆ ಇದನ್ನ ಬಹುಮಾನ ಗೆದ್ದ ಮೇಲೆ ಹೇಳೋದಲ್ಲ, ಕೂಪನ್ ಕೊಡುವಾಗಲೇ ಹೇಳಬೇಕು. ಒಂದೋ "ತೆರಿಗೆ ಗೆದ್ದವರದು" ಅಂತ ಬರೀರಿ, ಇಲ್ಲಾ ಪ್ರಾಯೋಜಕರ ಹತ್ತಿರ ಅದನ್ನೂ ಸೇರಿಸಿ ತಗೊಳ್ಳಿ.

ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದರೆ, "ನಿಮಗೆ ಬಹುಮಾನ ಬಂದಿದೆ, ಮೊದಲು ಟ್ಯಾಕ್ಸ್ ಕಟ್ಟಿ" ಅನ್ನೋದು ಮೋಸಗಾರರ ಅಚ್ಚುಮೆಚ್ಚಿನ ಡೈಲಾಗು. ಕೌನ್ ಬನೇಗಾ ಕರೋಡ್‌ಪತಿ ಹೆಸರಿನಲ್ಲಿ 25 ಲಕ್ಷ ಬಂದಿದೆ ಅನ್ನೋ ವಾಟ್ಸಾಪ್ ಸಂದೇಶ ನಿಮ್ಮಲ್ಲಿ ಯಾರಿಗೆ ಬಂದಿಲ್ಲ ಹೇಳಿ? ಹಾಗೆ ಬಂದ ಕರೆ ನಂಬಬೇಡಿ ಅಂತ ನಾವೇ ಊರಲ್ಲಿ ಎಲ್ಲರಿಗೂ ಹೇಳಿ ಬಂದಿದ್ದೀವಿ. ಈಗ ನಿಜವಾದ ಸಂಘ, ನಿಜವಾದ ಬೈಕಿಗೆ, ನಿಜವಾದ ಕಾಯ್ದೆ ಪ್ರಕಾರ ಅದೇ ಮಾತು ಹೇಳಿದರೆ ಹಳ್ಳಿಯ ಅಂಗಡಿಯವನು ಯಾವುದು ಸುಳ್ಳು ಯಾವುದು ನಿಜ ಅಂತ ಹೇಗೆ ತಿಳೀಬೇಕು? ಗುರುತು ಇಷ್ಟೇ. ನಿಜವಾದ ತೆರಿಗೆ ನಿಮ್ಮ ಪ್ಯಾನ್ ನಂಬರಿನ ಮೇಲೆ ಸರ್ಕಾರಕ್ಕೆ ಹೋಗುತ್ತೆ, ನಿಮ್ಮ ತೆರಿಗೆ ಖಾತೆಯಲ್ಲಿ ಕಾಣುತ್ತೆ, ಕಟ್ಟಿಸಿಕೊಂಡವರು ಪ್ರಮಾಣಪತ್ರ ಕೊಡ್ತಾರೆ. ಯಾರದೋ ಸ್ವಂತ ಯುಪಿಐಗೆ ಹಾಕಿ ಅಂದರೆ ಅದು ಮೋಸ, ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ.

ಇದೇ 2024ರ ಅಕ್ಟೋಬರಿನಲ್ಲಿ ಪಾಂಡವಪುರದ ಮೆಕ್ಯಾನಿಕ್ ಒಬ್ಬರಿಗೆ ಕೇರಳದ ಓಣಂ ಬಂಪರಿನಲ್ಲಿ 25 ಕೋಟಿ ಬಂದದ್ದು ನೆನಪಿದೆಯಲ್ಲ? 500 ರೂಪಾಯಿಯ ಟಿಕೆಟ್ಟು, ಕೊಂಡದ್ದು ವಯನಾಡಿನಲ್ಲಿ. ಡ್ರಾ ನಡೆದಾಗ ಅವರು ತಿರುವನಂತಪುರದಲ್ಲಿ ಕುರ್ಚಿ ಹಾಕಿಕೊಂಡು ಕೂತಿರಲಿಲ್ಲ. ಆದರೂ ಬಹುಮಾನ ಅವರದೇ, ಯಾಕೆಂದರೆ ಅಲ್ಲಿ ಬಹುಮಾನ ಟಿಕೆಟ್ಟಿಗೆ ಸೇರಿದ್ದು. ಟಿಕೆಟ್ಟಿನ ಹಿಂದೆ ಸಹಿ ಹಾಕಿ, 30 ದಿನದೊಳಗೆ ತಂದು ಒಪ್ಪಿಸಬೇಕು ಅನ್ನೋದು ಅಲ್ಲಿನ ನಿಯಮ. ಲಾಟರಿ ಒಳ್ಳೇದು ಅಂತ ನಾನು ಹೇಳ್ತಿಲ್ಲ. ನಮ್ಮ ರಾಜ್ಯ 2007ರಲ್ಲಿ ಅದನ್ನ ನಿಲ್ಲಿಸಿದ್ದು ಸರಿಯಾಗೇ ಇದೆ, ಮನೆ ಮಠ ಮಾರಿಕೊಂಡವರ ಕತೆ ಚಿಕ್ಕಂದಿನಲ್ಲಿ ಕೇಳಿದ್ದೀನಿ. ನಾನು ಹೇಳೋದು ಅಷ್ಟು ಲಕ್ಷ ಟಿಕೆಟ್ ಮಾರೋರು ಪಾಲಿಸಬಲ್ಲ ಶಿಸ್ತನ್ನ ನಾನೂರು ಐನೂರು ಜನರ ಸಂಘ ಯಾಕೆ ಪಾಲಿಸಬಾರದು ಅಂತ.

ನಂಬರ್ ಕೂಗಿದ ಮೇಲೆ ಜನ ಅದನ್ನ ತಮ್ಮದು ಅಂತಲೇ ತಿಳೀತಾರೆ. ಆಮೇಲೆ ಯಾವ ಸಬೂಬೂ ನಡೆಯಲ್ಲ. ಇದಕ್ಕೆ ದೊಡ್ಡ ಉದಾಹರಣೆ ಫಿಲಿಪ್ಪೀನ್ಸಿನದು. 1992ರ ಮೇ ತಿಂಗಳಲ್ಲಿ ಪೆಪ್ಸಿ ಅಲ್ಲಿ ಬಾಟಲಿ ಮುಚ್ಚಳದ ಸ್ಪರ್ಧೆಯಲ್ಲಿ 349 ಅನ್ನೋ ನಂಬರ್ ಗೆದ್ದಿದೆ ಅಂತ ಟೀವಿಯಲ್ಲಿ ಸಾರಿತು. ದೊಡ್ಡ ಬಹುಮಾನ 10 ಲಕ್ಷ ಪೆಸೊ, ಇರಬೇಕಾಗಿದ್ದದ್ದು ಎರಡೇ ಮುಚ್ಚಳ. ಆದರೆ ತಪ್ಪಾಗಿ ಲಕ್ಷಗಟ್ಟಲೆ ಮುಚ್ಚಳಗಳ ಮೇಲೆ 349 ಅಚ್ಚಾಗಿಬಿಟ್ಟಿತ್ತು. "ಭದ್ರತಾ ಕೋಡ್ ಹೊಂದಲ್ಲ, ಬೇಕಾದರೆ 500 ಪೆಸೊ ತಗೊಳ್ಳಿ" ಅಂತು ಕಂಪನಿ. ಜನ ಬೀದಿಗಿಳಿದರು, ಲಾರಿ ಸುಟ್ಟರು, ಗಲಾಟೆಯಲ್ಲಿ ಜೀವಗಳೂ ಹೋದವು. ಕೊನೆಗೆ 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಕಂಪನಿ ಪರವಾಗೇ ಹೇಳಿತು. ಕಾನೂನಿನಲ್ಲಿ ಗೆದ್ದರು, ಸರಿ. ಆದರೆ ಜನರ ಮನಸ್ಸಿನಲ್ಲಿ?

ಕಾಕಾ ಕೇಸು ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ನಾನೂ ಕೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ ಯಾವುದು ಅಂತ ಹೇಳೋ ಕಡೆ ಬಹುಮಾನದ ವಿಷಯವೂ ಇದೆ. ಕೊಡೋ ಉದ್ದೇಶ ಇಲ್ಲದೆ ಬಹುಮಾನ ಸಾರುವುದು ತಪ್ಪು. ಯೋಜನೆ ಮುಗಿದ ಮೇಲೆ ಅಂತಿಮ ಫಲಿತಾಂಶವನ್ನ ಭಾಗವಹಿಸಿದವರಿಗೆ ತಿಳಿಸದೆ ಇಟ್ಟುಕೊಳ್ಳೋದೂ ತಪ್ಪು. ಜಾಹೀರಾತು ಕೊಟ್ಟ ಪತ್ರಿಕೆಯಲ್ಲೇ ಎದ್ದು ಕಾಣುವ ಹಾಗೆ ಫಲಿತಾಂಶವನ್ನೂ ಹಾಕಿದರೆ ತಿಳಿಸಿದ ಹಾಗೆ. ಆದರೆ ಕಾಕಾ ಅಂಗಡಿಯವನು. "ನೀನು ಗ್ರಾಹಕನೇ ಅಲ್ಲ, ವ್ಯಾಪಾರಕ್ಕೆ ಬಂದವನು" ಅಂತ ಎದುರಿನ ವಕೀಲರು ಶುರು ಮಾಡ್ತಾರೆ. ಹೊಟ್ಟೆಪಾಡಿಗೆ ಸ್ವಂತ ದುಡಿಮೆ ಮಾಡೋರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ ಅಂತ ನಮ್ಮ ಕಡೆಯವರು ವಾದ ಮಾಡಬೇಕು. ಇನ್ನೊಂದು ಕಡೆ 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ನು, ಪಂದ್ಯದಲ್ಲಿ ಗೆದ್ದದ್ದಕ್ಕೆ ದಾವೆ ಹಾಕೋ ಹಾಗಿಲ್ಲ ಅನ್ನುತ್ತೆ. ಮೇಲಿಂದ, ಸರ್ಕಾರದ ಅನುಮತಿ ಇಲ್ಲದೆ ಖಾಸಗಿಯವರು ಲಾಟರಿ ನಡೆಸೋದೇ ಅಪರಾಧ. ಮೊದಲು ಐಪಿಸಿಯಲ್ಲಿ 294ಎ ಇತ್ತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 297. ಅದಕ್ಕೇ ಇರಬೇಕು, ಹೀಗೆ ನಡೆಸೋರು "ಕೂಪನ್ ಮಾರಿಲ್ಲ, ಶುಲ್ಕದ ಜೊತೆ ಉಚಿತ" ಅನ್ನೋದು. ಒಟ್ಟಿನಲ್ಲಿ ಬೈಕು ಕೇಳೋಕೆ ಹೋದವನು ಅಷ್ಟೂ ಸೆಕ್ಷನ್ನು ಓದಿಕೊಂಡು ಹೋಗಬೇಕು. ಕಾಕಾ ಕೈ ಮುಗಿದ.

"ಬೈಕ್ ಹೋತು, ಹೋಗ್ಲಿ ಬಿಡಪಾ," ಅಂದ. "ನಂದು ಹಳೇ ಗಾಡಿ ಇನ್ನೂ ಓಡ್ತದ. ಆದ್ರ ಮಂದಿ ಏನಂತಾರ ಗೊತ್ತೇನು? ಇಂವ ಕೂಪನ್ ಮಾರ್ಕೊಂಡಾನ ಅಂತಾರ. ಹೊರಗಿಂದೊರಗ ರೊಕ್ಕ ತಗೊಂಡು ಬಸ್ ಹತ್ತ್ಯಾನ ಅಂತಾರ. ಹೌದಲ್ಲ ಅನ್ನೋದಕ್ಕ ನನ್ನ ಕೈಯಾಗ ಏನದ? ಈ ಕೂಪನ್ ಒಂದೇ. ಅದಕ್ಕ ಗಾಜಿನ ಕೆಳಗ ಇಟ್ಟೀನಿ, ಬಂದವ್ರೆಲ್ಲ ನೋಡ್ಲಿ ಅಂತ."

ಅಲ್ಲಿಯವರೆಗೆ ನಾನು ಇದನ್ನ 90 ಸಾವಿರದ ವಿಷಯ ಅಂದುಕೊಂಡಿದ್ದೆ.

ಸಂಘದವರ ಕಡೆಯಿಂದಲೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ತಪ್ಪಾಗುತ್ತೆ. ಅಲ್ಲಿರೋರೂ ತಮ್ಮ ತಮ್ಮ ಅಂಗಡಿ ಬಿಟ್ಟು ಬಂದು ಓಡಾಡಿದವರೇ. ಬೈಕು ಕೊಟ್ಟ ಪ್ರಾಯೋಜಕರಿಗೆ ಗೆದ್ದವರ ಜೊತೆ ಫೋಟೋ ಬೇಕು. ಅತಿಥಿಗಳು ಮಾತಾಡುವಾಗ ಖಾಲಿ ಕುರ್ಚಿ ಕಾಣಬಾರದು. ಜನರನ್ನ ಕಟ್ಟಿ ಕೂರಿಸೋಕೆ ಲಕ್ಕಿ ಡ್ರಾಗಿಂತ ಒಳ್ಳೇ ಹಗ್ಗ ಇಲ್ಲ. "ಹಾಜರಿರಲೇಬೇಕು" ಅನ್ನೋ ನಿಯಮ ತಾನಾಗೇ ಕೆಟ್ಟದ್ದೂ ಅಲ್ಲ. ಮೊದಲೇ ಹೇಳಿ, 4 ಅಂದರೆ 4ಕ್ಕೇ ಎತ್ತಿದರೆ ಯಾರೂ ತಕರಾರು ಮಾಡಲ್ಲ. ಸಮಯ ಮಾತ್ರ ನಿಮ್ಮಿಷ್ಟ, ಹಾಜರಿ ಮಾತ್ರ ನಮ್ಮ ಹೊಣೆ ಅಂದರೆ ಅದು ದೂರದ ಹಳ್ಳಿಯವನಿಗೆ ಹಾಕೋ ದಂಡ. ಅವನೂ ಅದೇ 1,500 ಕೊಟ್ಟಿರ್ತಾನೆ.

ಇದೇನೂ ಕಲಬುರಗಿಯ ಕತೆ ಮಾತ್ರ ಅಲ್ಲ. ಬೆಂಗಳೂರಿನ ನಮ್ಮ ಐಟಿ ಮೇಳಗಳಲ್ಲೂ ಸ್ಟಾಲಿಗೊಂದು ಗಾಜಿನ ಬುಟ್ಟಿ, "ವಿಸಿಟಿಂಗ್ ಕಾರ್ಡ್ ಹಾಕಿ, ಸ್ಮಾರ್ಟ್‌ವಾಚ್ ಗೆಲ್ಲಿ". ನಾನೂ ಒಮ್ಮೆ ಗೆದ್ದೆ. 48 ಗಂಟೆಯೊಳಗೆ ವೈಟ್‌ಫೀಲ್ಡಿನ ಅವರ ಆಫೀಸಿಗೆ ಹೋಗಿ, ಅರ್ಧ ಗಂಟೆ ಡೆಮೊ ನೋಡಿ, ಆಮೇಲೆ ವಾಚು ತಗೊಳ್ಳಬೇಕಂತೆ. ನಾನಿದ್ದದ್ದು ಬನಶಂಕರಿಯಲ್ಲಿ, ಸಿಲ್ಕ್ ಬೋರ್ಡ್ ನೆನಪಾಯ್ತು, ಸುಮ್ಮನಾದೆ :) ವಾಚು ಹೋಯ್ತು, ಅವರ ಮಾರ್ಕೆಟಿಂಗ್ ಮೇಲುಗಳು ಮಾತ್ರ ಇವತ್ತಿಗೂ ತಪ್ಪದೆ ಬರ್ತಿವೆ.

ಹಾಗಾದರೆ ಏನು ಮಾಡಬೇಕು? ದೊಡ್ಡ ಸಾಫ್ಟ್‌ವೇರೇನೂ ಬೇಡ. ಒಂದು ರಬ್ಬರ್ ಸ್ಟಾಂಪು ಸಾಕು.

1. ಕೂಪನ್ನಿನ ಹಿಂದೆ ನಾಲ್ಕು ಸಾಲು ಅಚ್ಚು ಹಾಕಿ. ಡ್ರಾ ಎಷ್ಟು ಗಂಟೆಗೆ, ಹಾಜರಿರಬೇಕೋ ಬೇಡವೋ, ಎಷ್ಟು ದಿನದೊಳಗೆ ಪಡೀಬೇಕು, ತೆರಿಗೆ ಯಾರದು.

2. ಚೀಟಿಯ ಮೇಲೆ ಹೆಸರಿನ ಜೊತೆ ಊರು, ಫೋನ್ ನಂಬರ್ ಬರೆಸಿ. ಬಸವರಾಜರಿಗೆ ಉಪಕಾರವಾಗುತ್ತೆ.

3. ಪ್ರತಿ ಬಹುಮಾನಕ್ಕೂ ಎರಡು ಚೀಟಿ ಎತ್ತಿ, ಒಂದು ಗೆದ್ದವರದು, ಇನ್ನೊಂದು ಕಾಯ್ದಿರಿಸಿದ್ದು. ಮೊದಲಿನವರು 30 ದಿನದಲ್ಲಿ ಬರದಿದ್ದರೆ ಮಾತ್ರ ಎರಡನೆಯವರಿಗೆ ಕೊಡಿ. ಫಲಿತಾಂಶವನ್ನ ಸಂಘದ ಬೋರ್ಡಿಗೂ ವಾಟ್ಸಾಪ್ ಗುಂಪಿಗೂ ಹಾಕಿ.

4. 90 ಸಾವಿರದ ಒಂದು ಬೈಕಿನ ಬದಲು 9 ಸಾವಿರದ ಹತ್ತು ಬಹುಮಾನ ಕೊಡಿ. ಟಿಡಿಎಸ್ ಗೋಜಿರಲ್ಲ (ಗೆದ್ದವರು ತಮ್ಮ ಆದಾಯದಲ್ಲಿ ತೋರಿಸಬೇಕು, ಅದು ಬೇರೆ), ಹತ್ತು ಮನೆ ಖುಷಿ ಪಡ್ತವೆ. ಫೋಟೋಗೂ ಹತ್ತು ಮುಖ ಸಿಗ್ತವೆ!

ನಮ್ಮ ಶಿರವಾಳದಲ್ಲಿ ಹಳೇ ಗುಡಿಗಳು ಬಹಳ ಇವೆ, ಶಾಸನಗಳೂ ಇವೆ. ಚಿಕ್ಕಂದಿನಲ್ಲಿ ಅವುಗಳ ಮೇಲೆ ಕೂತು ಆಡಿದ್ದೀವೇ ಹೊರತು ಓದಿದ್ದಿಲ್ಲ. ಆಮೇಲೆ ದಾನಶಾಸನ ಅಂದರೆ ಏನು ಅಂತ ಗೊತ್ತಾಯ್ತು. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವತ್ತು, ಎಷ್ಟು ಭೂಮಿ, ನಾಲ್ಕೂ ದಿಕ್ಕಿನ ಎಲ್ಲೆ ಯಾವುದು, ಎಲ್ಲ ಕೆತ್ತಿಸಿ, ಕೊನೆಗೆ ಇದನ್ನ ಕೆಡಿಸಿದವರಿಗೆ ಕಾಶಿಯಲ್ಲಿ ಸಾವಿರ ಹಸು ಕೊಂದ ಪಾಪ ಬರಲಿ ಅಂತ ಶಾಪವನ್ನೂ ಹಾಕ್ತಿದ್ದರು. ಕೊಡೋ ಮಾತನ್ನ ಅಷ್ಟು ಗಟ್ಟಿಯಾಗಿ ಬರೆದಿಡಬೇಕು ಅಂತ ಅವರಿಗೆ ಗೊತ್ತಿತ್ತು. ಸಾವಿರ ವರ್ಷದ ಹಿಂದೆ ಕಲ್ಲಿನಲ್ಲಿ ಆದದ್ದು ಈಗ ಕಾಗದದ ಮೇಲೆ ಯಾಕಾಗಲ್ಲ? ಶಾಪ ಬೇಡ, ಬರೀ ನಿಯಮ ಬರೆದರೆ ಸಾಕು.

ಈ ಸಲದ ಸಮಾವೇಶಕ್ಕೆ ಶುಲ್ಕ ಕೇಳೋಕೆ ಬಂದಾಗ ಕಾಕಾ ಕೂಪನ್ ತಿರುಗಿಸಿ ನೋಡಿ, "ಹಿಂದ ಏನರ ಬರದು ಸಹಿ ಮಾಡಿ ಕೊಡ್ರಿ, ರೊಕ್ಕ ಕೊಡ್ತೀನಿ" ಅಂದನಂತೆ. ಬಂದವರು ನಕ್ಕು, ಚಾ ಕುಡಿದು, ಮುಂದಿನ ಅಂಗಡಿಗೆ ಹೋದರಂತೆ. ಇವನೂ ಹೋಗಲಿಲ್ಲ, ಅವರೂ ಬರೆಯಲಿಲ್ಲ.

ನಿಮ್ಮ ಕಡೆಯೂ ಹೀಗೆ ಆಗಿದೆಯಾ? ಸಂಘದ ಸಮಾವೇಶ, ಗಣಪತಿ ಪೆಂಡಾಲು, ಅಪಾರ್ಟ್‌ಮೆಂಟಿನ ರಾಜ್ಯೋತ್ಸವ... ಗೆದ್ದ ಬಹುಮಾನ ಕೈಗೆ ಬಂದವರು, ಬರದವರು, ಇಬ್ಬರೂ ಬರೀರಿ. ಯಾವುದಾದರೂ ಸಂಘ ಕೂಪನ್ನಿನ ಹಿಂದೆ ನಿಯಮ ಅಚ್ಚು ಹಾಕಿದ್ದರೆ ಅದನ್ನಂತೂ ಖಂಡಿತ ಹೇಳಿ. ಕಾಕಾಗೆ ತೋರಿಸಬೇಕು.